ಇಪ್ಪತ್ತಮೂರು ನಿಮಿಷ ಮುಂಚಿನ ಸೂರ್ಯ

ಹೋದ ವಾರ ಪಕ್ಕದ ಮನೆಯವರು ನಡುಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸಿದರು. ಕೆಲಸದವರು ನಮ್ಮ ಕಿಟಕಿಯ ಕೆಳಗೇ ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದರು. ಒದ್ದೆ ಸುಣ್ಣದಂಥ, ಸ್ವಲ್ಪ ಬೆಚ್ಚಗಿನ ಆ ವಾಸನೆ ಒಳಗೆ ಬಂದದ್ದೇ ತಡ, ನನ್ನ ಎಡಗಾಲು ತುರಿಸತೊಡಗಿತು. ಆ ಕಾಲಿಗೆ ಈಗ ಏನೂ ಆಗಿಲ್ಲ. ಆದರೂ ಕೈ ತಾನಾಗಿ ಮೇಜಿನ ಮೇಲಿದ್ದ ಅಡಿಪಟ್ಟಿಯ ಕಡೆ ಹೋಯಿತು.

ನನ್ನ ಹೆಂಡತಿ ಸುಶೀಲ ನೋಡಿ ನಕ್ಕಳು. "ಏನ್ರೀ, ಇನ್ನೊಂದು ಏಳು ವಾರ ಮಲಗಿಸ್ಬೇಕಾ?"

"ಒಂದು ಸಲಕ್ಕೆ ಸಾಕಾಯ್ತು" ಅಂದೆ.

ಅದು ಎರಡು ಸಾವಿರದ ಇಸವಿಯ ಬೇಸಿಗೆ. ಬನಶಂಕರಿ ಎರಡನೇ ಹಂತದ ಇದೇ ಮನೆ, ಮೊದಲ ಮಹಡಿಯ ಇದೇ ಕೋಣೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ನಾನು ಅದರೊಳಗೆ ಏಳು ವಾರ ಇದ್ದೆ.

ಮೊದಲು ನನ್ನ ಅಭ್ಯಾಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಓದಿದ್ದು ತುಮಕೂರಿನ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಇದ್ದುಕೊಂಡು. ನಾಲ್ಕೂ ಮುಕ್ಕಾಲಿಗೆ ಗಂಟೆ, ಐದಕ್ಕೆ ತಣ್ಣೀರ ಸ್ನಾನ, ಐದೂವರೆಗೆ ಪ್ರಾರ್ಥನೆ. ತಡವಾಗಿ ಬಂದವನಿಗೆ ಆ ಹೊತ್ತಿನ ಊಟವಿಲ್ಲ. ಆಮೇಲೆ ಮೂವತ್ತನಾಲ್ಕು ವರ್ಷ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸ ಮಾಡಿದೆ. ಸೈರನ್ ಕೂಗಿ ಮೂರು ನಿಮಿಷ ರಿಯಾಯಿತಿ. ನಾಲ್ಕನೇ ನಿಮಿಷಕ್ಕೆ ಬಂದವನ ಕಾರ್ಡಿನ ಮೇಲೆ ನಾನು ಕೆಂಪು ಮಸಿಯಲ್ಲಿ ಗುರುತು ಹಾಕುತ್ತಿದ್ದೆ. ನನಗೆ ಯಾರ ಮೇಲೂ ಕೋಪವಿರಲಿಲ್ಲ. ಮಳೆ ಬಂತು, ಬಸ್ ಕೆಟ್ಟಿತು, ಮಗುವಿಗೆ ಜ್ವರ, ಎಲ್ಲ ಕೇಳಿಸಿಕೊಂಡು ಗುರುತು ಹಾಕುತ್ತಿದ್ದೆ.

ಮನೆಯಲ್ಲೂ ಹಾಗೇ. ಅಡಿಗೆಮನೆಯ ಬಾಗಿಲಿಗೆ ಟೈಪ್ ಮಾಡಿದ ಹಾಳೆಯೊಂದನ್ನು ಅಂಟಿಸಿದ್ದೆ. ಐದು ನಲವತ್ತಕ್ಕೆ ಕಾಫಿ, ಏಳು ಹದಿನೈದಕ್ಕೆ ತಿಂಡಿ, ಹೀಗೆ ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವವರೆಗೆ. ಸುಶೀಲ ಮದುವೆಯಾಗಿ ಬಂದ ಎರಡನೇ ವಾರದಲ್ಲಿ ಮೊದಲ ಹಾಳೆ ಮಾಡಿದ್ದು. ಹದಿನೆಂಟು ವರ್ಷದ ಹುಡುಗಿ, ಹೊಸ ಊರು, ಗೊಂದಲವಾಗದಿರಲಿ ಎಂಬುದು ನನ್ನ ಉದ್ದೇಶ. ಮನೆ ಬದಲಾದಾಗ ಹಾಳೆ ಬದಲಾಯಿತು, ಸಮಯ ಬದಲಾಗಲಿಲ್ಲ. ಅವಳು ಒಂದು ದಿನವೂ ಅದರ ಬಗ್ಗೆ ಮಾತಾಡಿದವಳಲ್ಲ. ಮಾತಾಡದಿದ್ದರೆ ಒಪ್ಪಿಗೆ ಎಂದು ಟೈಮ್ ಆಫೀಸಿನಲ್ಲಿ ಲೆಕ್ಕ.

ಅವಳ ತಂಗಿ ಜಯಳ ಗಂಡನಿಗೆ ವಿಶಾಖಪಟ್ಟಣದಲ್ಲಿ ಕೆಲಸ. ಪ್ರತಿ ಬೇಸಿಗೆಯಲ್ಲೂ ಜಯ ಕರೆಯುತ್ತಿದ್ದಳು. "ಸಮುದ್ರಾನೂ ಇದೆ, ಬೆಟ್ಟಾನೂ ಇದೆ, ಬನ್ನಿ ಭಾವ, ಎರಡೂ ಒಂದೇ ಊರಲ್ಲಿ ನಿಮಗೆಲ್ಲಿ ಸಿಗುತ್ತೆ?" ನನಗೆ ರಜ ಇರುತ್ತಿರಲಿಲ್ಲ. ನಿವೃತ್ತನಾದ ಮೇಲೆ ಹೋಗೋಣ ಅಂದಿದ್ದೆ, ನಿವೃತ್ತನಾದೆ, ಏಪ್ರಿಲ್ ಮಧ್ಯಕ್ಕೆ ಇಬ್ಬರಿಗೂ ಟಿಕೆಟ್ ಮಾಡಿಸಿದೆ. ಹನ್ನೆರಡು ದಿನದ ಪ್ರವಾಸ. ಜಯನಗರದ ಲೈಬ್ರರಿಯಲ್ಲಿ ಕೂತು ಒಂದು ಪ್ರವಾಸಿ ಕೈಪಿಡಿಯಿಂದ ಟಿಪ್ಪಣಿ ಮಾಡಿಕೊಂಡು, ಕಾರ್ಬನ್ ಇಟ್ಟು ಎರಡು ಪ್ರತಿ ಕಾರ್ಯಕ್ರಮ ಟೈಪ್ ಮಾಡಿದೆ. ಎರಡನೇ ದಿನ ಸಂಜೆ ಐದೂವರೆಗೆ ಸಮುದ್ರ ದಂಡೆ, ಆರೂ ಕಾಲಿಗೆ ಸಮುದ್ರದಲ್ಲಿ ಸೂರ್ಯಾಸ್ತ. ನಾಲ್ಕನೇ ದಿನ ಕೈಲಾಸಗಿರಿ, ಬೆಟ್ಟದ ಮೇಲಿಂದ ಊರಿನ ನೋಟ, ನಲವತ್ತು ನಿಮಿಷ. ಆರನೇ ದಿನ ಬೊರ್ರಾ ಗುಹೆ, ಒಳಗೆ ತಂಪು, ಟಾರ್ಚ್ ಅಗತ್ಯ. ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ಗೆಳೆಯರಿಗೆ ತೋರಿಸಿದೆ. ನಾಲ್ಕು ಜನ ಓದಿ ತಲೆದೂಗಿದರು. ಒಬ್ಬರು, "ನಮಗೂ ಒಂದು ಕಾಪಿ ಕೊಡಿ ಸಾರ್" ಅಂದರು.

ಮಾರ್ಚ್ ಮೂರನೇ ವಾರ ಹಾಲಿಗೆ ಹೋಗಿದ್ದೆ. ನಮ್ಮ ಅಡ್ಡರಸ್ತೆಯಲ್ಲಿ ಕೇಬಲ್ ಹಾಕಲು ಹಳ್ಳ ತೋಡಿದ್ದರು. ಸುತ್ತಿಕೊಂಡು ಹೋದರೆ ಎರಡು ನಿಮಿಷ ಹೆಚ್ಚು. ಐವತ್ತೆಂಟು ದಾಟಿದ ನಾನು ಆ ಎರಡು ನಿಮಿಷ ಉಳಿಸಲು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಹಳ್ಳ ಹಾರಿದೆ. ಆಚೆಯ ದಂಡೆಯ ಮಣ್ಣು ಕುಸಿಯಿತು. ಮೊಣಕಾಲಿನ ಕೆಳಗೆ ಎರಡು ಮೂಳೆಯೂ ಮುರಿದವು. ಪ್ಯಾಕೆಟ್ ಒಡೆದಿರಲಿಲ್ಲ.

ತೊಡೆಯಿಂದ ಕಾಲ್ಬೆರಳಿನವರೆಗೆ ಪ್ಲಾಸ್ಟರ್ ಹಾಕಿದರು. ಕೈಯಲ್ಲಿ ತಟ್ಟಿದರೆ ಗೋಡೆ ತಟ್ಟಿದ ಹಾಗೆ ಸದ್ದು. ಹೊರಳಲು ಬರುವುದಿಲ್ಲ, ಕೂರಲು ಇನ್ನೊಬ್ಬರ ಕೈ ಬೇಕು. ಬಚ್ಚಲಿಗೆ ಹೋಗುವುದಂತೂ ಇಲ್ಲವೇ ಇಲ್ಲ, ಎಲ್ಲವೂ ಮಂಚದ ಮೇಲೆಯೇ. ಆ ವಿಷಯ ಅಷ್ಟಕ್ಕೇ ಬಿಡುತ್ತೇನೆ. ಬಿಸಿಲೇರಿದಂತೆ ಪ್ಲಾಸ್ಟರಿನ ಒಳಗೆ ಬೆವರು, ಬೆವರಿಗೆ ತುರಿಕೆ. ಅಡಿಪಟ್ಟಿಯನ್ನು ತೊಡೆಯ ಕಡೆಯಿಂದ ಒಳಗೆ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಹತ್ತು ಅಂಗುಲದವರೆಗೆ ಎಟುಕುತ್ತಿತ್ತು. ತುರಿಕೆ ಯಾವಾಗಲೂ ಹನ್ನೊಂದನೇ ಅಂಗುಲದಲ್ಲಿ ಇರುತ್ತಿತ್ತು.

ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು. ಫ್ಯಾನಿನ ಮೂರು ರೆಕ್ಕೆ ನಿಧಾನವಾಗಿ ನಿಲ್ಲುವುದನ್ನು ನೋಡುತ್ತಿದ್ದೆ. ಕಿಟಕಿ ನನ್ನ ತಲೆಯ ಹಿಂದೆ. ಅದರಿಂದ ಬರುವುದು ಸದ್ದು ಮಾತ್ರ. ಸೊಪ್ಪಿನವಳ ಕೂಗು, ಎದುರು ಮನೆಯ ಕುಕ್ಕರ್, ಬಸ್ ಸ್ಟ್ಯಾಂಡಿನ ಕಡೆ ತಿರುಗುವ ಬಸ್ಸು. ಇಡೀ ಬನಶಂಕರಿ ನಡೆಯುತ್ತಿತ್ತು, ಓಡುತ್ತಿತ್ತು. ನಾನು ಸೀಲಿಂಗಿನ ಬಿರುಕು ಎಣಿಸುತ್ತಿದ್ದೆ. ಆದರೆ ವೇಳಾಪಟ್ಟಿ ಮಾತ್ರ ತಪ್ಪಲಿಲ್ಲ. ಐದು ನಲವತ್ತಕ್ಕೆ ಸುಶೀಲ ಕಾಫಿ ತಂದು ನನ್ನ ಬೆನ್ನಿಗೆ ದಿಂಬು ಇಡುತ್ತಿದ್ದಳು.

ಮೂರು ವಾರ ಕಳೆಯಿತು. ಪ್ರವಾಸದ ದಿನ ಹತ್ತಿರ ಬಂತು. ಅವಳು ಟಿಕೆಟ್ಟಿನ ಮಾತೇ ಎತ್ತಲಿಲ್ಲ. ನಾನೇ ಎತ್ತಿದೆ.

"ನೀನು ಹೋಗಿ ಬಾ."

"ಏನಂತೀರಾ! ನಿಮ್ಮನ್ನ ಹಿಂಗೆ ಬಿಟ್ಟು? ಒಬ್ಬಳೇ?"

"ಕಾರ್ಯಕ್ರಮ ಆಗಿದೆ. ಇಬ್ಬರೂ ತಪ್ಪಿಸಿಕೊಳ್ಳೋದಕ್ಕಿಂತ ಒಬ್ಬರು ತಪ್ಪಿಸಿಕೊಳ್ಳೋದು ವಾಸಿ. ಇಲ್ಲಿ ರೈಲು ಹತ್ತಿಸಿದರೆ ಅಲ್ಲಿ ಜಯ ಇಳಿಸಿಕೊಳ್ತಾಳೆ. ಹಾಳೆ ನಿನ್ನ ಕೈಲಿರುತ್ತೆ. ಇನ್ನೇನು ಭಯ?"

ಈಗ ಯೋಚಿಸಿದರೆ, ಅವಳಿಗೆ ಉಪಕಾರ ಮಾಡಬೇಕೆಂದು ಹೇಳಿದ ಮಾತಲ್ಲ ಅದು. ಟೈಪಾದ ಕಾರ್ಯಕ್ರಮ ರದ್ದಾಗುವುದನ್ನು ನನ್ನಿಂದ ನೋಡಲು ಆಗುತ್ತಿರಲಿಲ್ಲ, ಅಷ್ಟೆ. ಮಗಳು ದಾವಣಗೆರೆಯಲ್ಲಿ ಎಳೆಗೂಸಿನ ತಾಯಿ, ಅವಳು ಬರುವ ಹಾಗಿರಲಿಲ್ಲ. ಹನುಮಂತನಗರದಿಂದ ನನ್ನ ಅಕ್ಕ ಪದ್ಮಕ್ಕನನ್ನು ಕರೆಸಿಕೊಂಡೆ. ಸುಶೀಲ ಹೊರಡುವಾಗ ಬಾಗಿಲಲ್ಲಿ ಎರಡು ಸಲ ನಿಂತಳು. ಐವತ್ತಕ್ಕೆ ಎರಡು ವರ್ಷ ಕಮ್ಮಿ ಅವಳಿಗೆ. ಅದೇ ಮೊದಲು ಒಬ್ಬಳೇ ರೈಲು ಹತ್ತಿದ್ದು.

ಪದ್ಮಕ್ಕ ನನಗಿಂತ ಆರು ವರ್ಷ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ಯಾರಿಗೂ ಹೆದರದವಳು. ಬಂದವಳೇ ಅಡಿಗೆಮನೆಯ ಬಾಗಿಲಿನ ಹಾಳೆ ಓದಿದಳು. ಕನ್ನಡಕ ತೆಗೆದು, ಒರೆಸಿ, ಇನ್ನೊಂದು ಸಲ ಓದಿದಳು.

"ನಾಗೂ, ಇದು ಮನೆಯೇನೋ, ಜೈಲೇನೋ?"

"ಅನುಕೂಲಕ್ಕೆ ಅಕ್ಕ."

"ಯಾರ ಅನುಕೂಲಕ್ಕೆ?"

ಮೊದಲ ದಿನ ಕಾಫಿ ಆರು ಹತ್ತಕ್ಕೆ ಬಂತು, ಮರುದಿನ ಐದೂ ಇಪ್ಪತ್ತಕ್ಕೆ. ಮೂರನೇ ದಿನ ಏಳಾದರೂ ಇಲ್ಲ. ಕೇಳಿದರೆ, "ಬೀದಿಯಲ್ಲಿ ಹೊಂಗೆ ಹೂ ಉದುರಿತ್ತು, ನೋಡ್ತಾ ನಿಂತೆ ಕಣೋ" ಅಂದಳು. ನಾನು ಹಲ್ಲು ಕಚ್ಚಿಕೊಂಡೆ. ಎದ್ದು ಹೋಗುವ ಹಾಗಿದ್ದರೆ ಎದ್ದು ಹೋಗುತ್ತಿದ್ದೆ.

ನನಗೆ ಉಳಿದ ಒಂದೇ ನೆಮ್ಮದಿ ಕಾರ್ಯಕ್ರಮದ ಕಾರ್ಬನ್ ಪ್ರತಿ. ಎರಡು ದಿನಕ್ಕೊಮ್ಮೆ ಸಂಜೆ ಏಳಕ್ಕೆ ಸುಶೀಲ ಜಯಳ ಮನೆಯಿಂದ ಫೋನ್ ಮಾಡಬೇಕು, ಮೂರು ನಿಮಿಷ ಮಾತು ಎಂದು ಗೊತ್ತುಮಾಡಿದ್ದೆ. ಫೋನಿಗೆ ಉದ್ದ ವೈರ್ ಹಾಕಿಸಿ ಮಂಚದ ಪಕ್ಕ ಇಡಿಸಿಕೊಂಡಿದ್ದೆ.

"ದಂಡೆಗೆ ಹೋಗಿದ್ಯಾ?"

"ಹೂಂ, ಹೋಗಿದ್ದೆ."

"ಸೂರ್ಯಾಸ್ತ?"

"ಆಯ್ತು. ಚೆನ್ನಾಗಿತ್ತು. ಕೆಂಪಗೆ ದೊಡ್ಡದಾಗಿ ಹೋಗಿ ನೀರಲ್ಲಿ ಮುಳುಗ್ತು."

ನಾನು ಗುರುತು ಹಾಕಿದೆ. ಕಣ್ಣು ಮುಚ್ಚಿದರೆ ಆ ಕೆಂಪು ನನಗೂ ಕಾಣಿಸಿತು. ಆ ಕೋಣೆಯಲ್ಲಿ ನಾಲ್ಕು ವಾರದಿಂದ ನೋಡಿದ ಮೊದಲ ಬಣ್ಣ ಅದು. ನಾಲ್ಕನೇ ದಿನ ಕೈಲಾಸಗಿರಿ ಆಯಿತು. ಊರೆಲ್ಲ ಕಾಣುತ್ತೆ ಅಂದಳು. ಆರನೇ ದಿನ ಗುಹೆ. "ಒಳಗೆ ತಂಪು. ಟಾರ್ಚ್ ಬೇಕಾಗುತ್ತೆ" ಅಂದಳು. ಅದಕ್ಕೂ ಗುರುತು ಹಾಕಿದೆ. ಎಲ್ಲ ಕರಾರುವಾಕ್ಕಾಗಿ ನಡೆಯುತ್ತಿತ್ತು. ನಾನು ಮಲಗಿದಲ್ಲಿಂದಲೇ ಒಂದು ಊರು ನೋಡುತ್ತಿದ್ದೇನೆ ಅನಿಸಿತ್ತು.

ಏಳನೇ ದಿನದ ಸಂಜೆ ಕರೆಂಟ್ ಹೋಯಿತು. ಮಾಡಲು ಏನೂ ಇಲ್ಲದೆ ನನಗೊಂದು ಲೆಕ್ಕದ ಆಸೆಯಾಯಿತು. ಅವಳ ಸೂರ್ಯಾಸ್ತಕ್ಕೂ ನನ್ನ ಸೂರ್ಯಾಸ್ತಕ್ಕೂ ಎಷ್ಟು ನಿಮಿಷ ವ್ಯತ್ಯಾಸ? ಪದ್ಮಕ್ಕನ ಕೈಯಲ್ಲಿ ಮಗಳ ಹಳೆಯ ಸ್ಕೂಲ್ ಅಟ್ಲಾಸ್ ತರಿಸಿದೆ. ಬೆಂಗಳೂರು ಎಪ್ಪತ್ತೇಳೂವರೆ ರೇಖಾಂಶದ ಹತ್ತಿರ, ವಿಶಾಖಪಟ್ಟಣ ಎಂಬತ್ತಮೂರು ದಾಟಿದ ಮೇಲೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ. ಅಡಿಪಟ್ಟಿ ಇಟ್ಟು ಅಳೆದೆ. ಇಪ್ಪತ್ತಮೂರು ನಿಮಿಷ. ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಆಮೇಲೆ ಅಡಿಪಟ್ಟಿ ತೆಗೆದು ನಕ್ಷೆ ನೋಡಿದೆ.

ಸಮುದ್ರ ಊರಿನ ಬಲಗಡೆ ಇತ್ತು.

ಬಲಗಡೆ ಅಂದರೆ ಪೂರ್ವ. ಪಶ್ಚಿಮದಲ್ಲಿ ಬೆಟ್ಟದ ಕಂದು ಬಣ್ಣ. ಆ ಊರಿನ ಸಮುದ್ರದಲ್ಲಿ ಸೂರ್ಯ ಮುಳುಗಲು ಸಾಧ್ಯವೇ ಇಲ್ಲ.

ನಾನು ಸಮುದ್ರ ನೋಡಿದ್ದು ಮೂರೇ ಸಲ. ಮಲ್ಪೆ, ಗೋಕರ್ಣ, ಕಾರವಾರ. ಮೂರು ಸಲವೂ ಬಸ್ಸಿನಿಂದ ಇಳಿದು, ಮರಳಿನ ಮೇಲೆ ನಿಂತು, ಸೂರ್ಯ ಮುಳುಗುವುದನ್ನು ನೋಡಿ, ಬಸ್ ಹತ್ತಿದ್ದು. ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಅಷ್ಟೇ, ಸೂರ್ಯ ಮುಳುಗುವ ಜಾಗ. ಪಾರ್ಕಿನಲ್ಲಿ ಹಾಳೆ ಓದಿದ ನಾಲ್ಕು ಜನರಲ್ಲಿ ಒಬ್ಬರಿಗೂ ತಪ್ಪು ಕಾಣಲಿಲ್ಲ. ಅವರಲ್ಲೊಬ್ಬರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವರು.

ನನ್ನ ತಪ್ಪು ಹಾಗಿರಲಿ. ಮೂವತ್ತು ವರ್ಷದಲ್ಲಿ ಒಂದು ಸುಳ್ಳೂ ಹೇಳದ ಹೆಂಗಸು ಆ ಸೂರ್ಯ ಮುಳುಗಿದ್ದನ್ನು ನೋಡಿದೆ ಅಂದಿದ್ದಳು. ಹಾಗಾದರೆ ಗುಹೆ? ಕೈಲಾಸಗಿರಿ? ಗುಹೆಯ ಬಗ್ಗೆ ಅವಳು ಹೇಳಿದ್ದೆಲ್ಲ ನಾನೇ ಟೈಪ್ ಮಾಡಿದ್ದ ಮಾತು ಎಂಬುದು ಈಗ ಹೊಳೆಯಿತು. ಅವಳು ಫೋನಿನಲ್ಲಿ ಹಾಳೆ ನೋಡಿಕೊಂಡು ಓದುತ್ತಿದ್ದಳು. ಇಷ್ಟು ದಿನ ಅವಳು ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ? ಎದ್ದು ರೈಲು ಹತ್ತುವ ಹಾಗಿಲ್ಲ. ಎದ್ದು ಕಿಟಕಿಯವರೆಗೆ ಹೋಗುವ ಹಾಗೂ ಇಲ್ಲ. ಕತ್ತಲೆ ಕೋಣೆಯಲ್ಲಿ ಅಟ್ಲಾಸ್ ಎದೆಯ ಮೇಲಿಟ್ಟುಕೊಂಡು ಮಲಗಿದ್ದೆ. ಆ ಏಳು ವಾರದಲ್ಲಿ ನಿಜವಾಗಿ ಸಿಕ್ಕಿಹಾಕಿಕೊಂಡೆ ಅನಿಸಿದ್ದು ಆ ಸಂಜೆ.

ಪದ್ಮಕ್ಕ ಮೇಣದಬತ್ತಿ ತಂದಳು. ಹೇಳಿದೆ.

"ಹೆದ್ರಿಕೆ ಕಣೋ ಅವಳಿಗೆ" ಅಂದಳು.

"ಹೆದ್ರಿಕೇನಾ? ನಾನೇನು ಹೊಡೆದಿದ್ದೀನಾ, ಬೈದಿದ್ದೀನಾ?"

"ಹೊಡೆದವರಿಗೆ ಮಾತ್ರ ಹೆದರ್ತಾರಾ? ನಿನ್ನ ಹಾಳೆ ನೋಡಿದ್ರೆ ನನಗೇ ಹೆದ್ರಿಕೆ ಆಗುತ್ತೆ. ನಾನು ನಿನ್ನ ಮೂಗು ಒರೆಸಿದವಳು."

ಮರುದಿನ ಸಂಜೆ ಏಳಕ್ಕೆ ಫೋನ್ ಬಂತು. ಹಾಳೆಯ ಪ್ರಕಾರ ಅಂದು ಭೀಮುನಿಪಟ್ಟಣದ ಹಳೆಯ ಗೋರಿಗಳ ಸರದಿ. ನಾನು ಅದನ್ನು ಕೇಳಲಿಲ್ಲ.

"ಸುಶೀಲ, ಸೂರ್ಯ ಎಲ್ಲಿ ಮುಳುಗಿದ?"

ಆ ಕಡೆ ಜಯಳ ಮನೆಯ ಟಿವಿ ಕೇಳಿಸುತ್ತಿತ್ತು.

"ಬೆಟ್ಟದ ಹಿಂದೆ" ಅಂದಳು ಕೊನೆಗೆ.

"ಮತ್ತೆ ನೀರಲ್ಲಿ ಅಂದೆ?"

"ನೀವು ಹಂಗೆ ಟೈಪ್ ಮಾಡಿದ್ರಿ. ಟೈಪ್ ಆಗಿರೋದು ತಪ್ಪು ಅಂತ ನಾನು ಹೆಂಗ್ರೀ ಹೇಳ್ಲಿ?"

"ಗುಹೆ?"

"ಹೋಗಿಲ್ಲ."

"ಕೈಲಾಸಗಿರಿ?"

"ಅದು ನಾನು ಕೂರೋ ಕಡೆಯಿಂದ ಕಾಣುತ್ತೆ."

"ಎಲ್ಲಿ ಕೂರ್ತೀಯ ನೀನು?"

ಆಗ ಹೇಳಲು ಶುರುಮಾಡಿದಳು. ಮೊದಲ ದಿನ ಅಭ್ಯಾಸದಂತೆ ನಾಲ್ಕೂವರೆಗೆ ಎಚ್ಚರವಾಯಿತಂತೆ. "ಇಲ್ಲಿ ಯಾರೂ ಎದ್ದಿರ್ಲಿಲ್ಲ. ಕಾಫಿ ಕೇಳೋರೂ ಇಲ್ಲ. ಏನ್ ಮಾಡ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ ರೀ. ಅಳು ಬಂದಂಗಾಯ್ತು. ಹಂಗೇ ಬಾಗಿಲು ಮುಂದೆ ಮಾಡ್ಕೊಂಡು ನಡೆದೆ. ಎರಡು ಬೀದಿ ದಾಟಿದ್ರೆ ಸಮುದ್ರ. ಒಂದು ಬಂಡೆ ಮೇಲೆ ಕೂತೆ. ಹಿಂದೆ ಬೆಟ್ಟ, ಮುಂದೆ ನೀರು, ಎಲ್ಲಾ ಕಪ್ಪಗೆ. ಆಮೇಲೆ ನೀರಿನ ಅಂಚಲ್ಲಿ ಒಂದು ಗೆರೆ ಬಂತು. ಮುಳುಗುತ್ತೆ ಅಂತ ನೀವು ಬರ್ದಿದ್ದ ಜಾಗದಿಂದ್ಲೇ ಸೂರ್ಯ ಎದ್ದು ಬಂತು. ಒಂದೇ ನಿಮಿಷಕ್ಕೆ ಬೆಟ್ಟದ ನೆತ್ತಿ ಎಲ್ಲ ಬೆಲ್ಲದ ಬಣ್ಣ ಆಯ್ತು."

ದಿನವೂ ಅಲ್ಲಿಗೇ ಹೋಗುತ್ತಿದ್ದಳು. ಅದೇ ಬಂಡೆ. ಮೀನು ಹಿಡಿಯುವವರ ಮರದ ದೋಣಿಗಳು ಆ ಬೆಳಕಿನಲ್ಲಿ ತಿರುಗಿ ಬರುತ್ತವೆ, ಇಪ್ಪತ್ತು ಜನ ಎರಡು ಸಾಲಾಗಿ ನಿಂತು ಹಾಡು ಹೇಳುತ್ತ ಬಲೆ ಎಳೆಯುತ್ತಾರೆ. ಅಪ್ಪಲನರಸಮ್ಮ ಎಂಬ ಹೂವಿನ ಮುದುಕಿ ಸಿಂಹಾಚಲದ ಬೆಟ್ಟದಿಂದ ಬುಟ್ಟಿ ತುಂಬ ಸಂಪಿಗೆ ತಂದು ಬಂಡೆಯ ಪಕ್ಕ ಕೂರುತ್ತಾಳೆ. ಮೂರನೇ ದಿನ ಅವಳೇ, "ರಾ ಅಮ್ಮಾ, ಕೂರ್ಚೋ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳಂತೆ. ಇವಳು ಅವಳಿಗೆ ನಮ್ಮ ಮೈಸೂರು ಕಡೆಯ ಹೂವಿನ ದಿಂಡು ಕಟ್ಟುವುದನ್ನು ತೋರಿಸಿದಳು, ಅವಳು ಇವಳಿಗೆ ಸಂಪಿಗೆಯನ್ನು ಬಾಳೆ ನಾರಿನಲ್ಲಿ ಸುತ್ತುವುದನ್ನು. ಸಂಜೆ ಬೆಟ್ಟದ ಕೆಳಗಿನ ಗುಡಿಯಲ್ಲಿ ಹರಿಕಥೆ. ಅರ್ಧ ತೆಲುಗು ಅರ್ಥವಾಗುತ್ತೆ, ಉಳಿದರ್ಧಕ್ಕೆ ಪಕ್ಕದವರು ನಕ್ಕಾಗ ನಗುತ್ತೇನೆ ಅಂದಳು. ದಂಡೆಯಲ್ಲಿ ಕಾಗದದ ಪೊಟ್ಟಣದಲ್ಲಿ ಖಾರದ ಮಂಡಕ್ಕಿ ಕಲಸಿ ಕೊಡುತ್ತಾರೆ, ನಿಂತುಕೊಂಡೇ ತಿಂದೆ ಅಂದಳು. ಬೀದಿಯಲ್ಲಿ ನಿಂತು ತಿಂದಿದ್ದನ್ನು ಹೇಳುವಾಗ ಅವಳ ದನಿ ಸ್ವಲ್ಪ ತಗ್ಗಿತು. ತಗ್ಗಿದ್ದು ನಾಚಿಕೆಗೆ ಅಲ್ಲ, ಖುಷಿಗೆ.

ಗೋಡೆಯ ಗಡಿಯಾರ ಏಳು ಹನ್ನೊಂದು ತೋರಿಸುತ್ತಿತ್ತು. ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ರೀ, ಒಂದು ಕೇಳ್ಲಾ?" ಅಂದಳು. "ಸಿಂಹಾಚಲದ ದೇವರ ಮೈಗೆಲ್ಲಾ ವರ್ಷಪೂರ್ತಿ ಗಂಧ ಮೆತ್ತಿರ್ತಾರಂತೆ. ರೂಪಾನೇ ಕಾಣಲ್ಲ, ಬರೀ ಒಂದು ಗುಡ್ಡೆ ಥರ. ಅಕ್ಷಯ ತದಿಗೆ ಒಂದು ದಿನ ಮಾತ್ರ ಗಂಧ ತೆಗೀತಾರೆ. ಅವತ್ತು ಒಂದೇ ದಿನ ಆ ದೇವರು ಇದ್ದ ಹಾಗೆ ಕಾಣೋದು. ಅಪ್ಪಲನರಸಮ್ಮ ಕರೀತಿದಾಳೆ, ಮೆಟ್ಟಿಲು ಹತ್ತಿ ಹೋಗೋಣ ಅಂತ. ಅಲ್ಲೀವರೆಗೆ ಇರ್ಲಾ? ಇನ್ನೊಂದು ಹತ್ತು ದಿನ ಜಾಸ್ತಿ ಆಗುತ್ತೆ ಅಷ್ಟೆ."

"ಟಿಕೆಟ್ ಆಗಿದೆಯಲ್ಲ" ಅಂದೆ.

"ಹೂಂ" ಅಂದಳು.

ಅಷ್ಟೇ. ಹನ್ನೊಂದು ನಿಮಿಷ ಮಾತಾಡಿದವಳು ಒಂದಕ್ಷರಕ್ಕೆ ಮುದುಡಿಕೊಂಡಳು. ಮೂವತ್ತು ವರ್ಷದಿಂದ ನಾನು ಒಪ್ಪಿಗೆ ಎಂದುಕೊಂಡಿದ್ದು ಆ ಅಕ್ಷರವನ್ನೇ.

ಫೋನ್ ಇಟ್ಟ ಮೇಲೆ ಪದ್ಮಕ್ಕ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾನೇ ಮೊದಲು ಮಾತಾಡಿದೆ. "ನಿನಗೂ ಮನೆ ಇದೆ ಅಕ್ಕ. ಇನ್ನೂ ಹತ್ತು ದಿನ ನಿನ್ನನ್ನ ಇಲ್ಲಿ ಕಟ್ಟಿಹಾಕೋದು..."

"ನನ್ನ ತಲೆ ಮೇಲೆ ಹಾಕ್ಬೇಡ. ನಾನು ಇರ್ತೀನಿ. ನಿನ್ನ ಕೈಲಿ ಇರಕ್ಕಾಗುತ್ತಾ, ಅದು ಹೇಳು."

ಮರುದಿನವೆಲ್ಲ, ಸುಶೀಲ ಬರಬೇಕು, ದಿಂಬು ಇಡಬೇಕು, ಕಾಫಿ ಐದು ನಲವತ್ತಕ್ಕೆ ಆಗಬೇಕು ಎಂದು ನನ್ನ ಇಡೀ ಮೈ ಕೇಳುತ್ತಿತ್ತು, ಅದು ನಿಜ. ಪದ್ಮಕ್ಕನ ಜೊತೆ ಇನ್ನೂ ಹತ್ತು ದಿನ ಎಂದರೆ ಪ್ಲಾಸ್ಟರಿನ ಮೇಲೆ ಇನ್ನೊಂದು ಪ್ಲಾಸ್ಟರ್. ಮಧ್ಯಾಹ್ನ ತುರಿಕೆ ಎದ್ದಿತು. ಅಡಿಪಟ್ಟಿ ತೂರಿಸಿದೆ, ಎಟುಕಲಿಲ್ಲ. ಎಟುಕದ ಜಾಗ ಉರಿಯುತ್ತಿರುವಾಗ ಒಂದು ಯೋಚನೆ ಬಂತು. ನನಗೆ ಇನ್ನು ಎರಡು ವಾರಕ್ಕೆ ಪ್ಲಾಸ್ಟರ್ ತೆಗೆಯುತ್ತಾರೆ, ತಾರೀಕು ಗೊತ್ತಿದೆ. ತಾರೀಕೇ ಗೊತ್ತಿಲ್ಲದೆ ಮೂವತ್ತು ವರ್ಷ ಒಳಗಿದ್ದವಳಿಗೆ?

ಸಂಜೆ ಪದ್ಮಕ್ಕನಿಗೆ ಹೇಳಿದೆ. "ಮಂಚ ತಿರುಗಿಸ್ಬೇಕು. ಮುಖ ಕಿಟಕಿ ಕಡೆ ಬರೋ ಹಾಗೆ."

ಕೆಳಗಿನ ಮನೆಯವರು ಇಬ್ಬರು ಬಂದು ತಿರುಗಿಸಿಕೊಟ್ಟರು. ಐದು ವಾರದಲ್ಲಿ ನನಗೆ ಕಿಟಕಿ ಕಂಡದ್ದು ಆಗ. ಎದುರು ಮನೆಯ ನೀರಿನ ಟ್ಯಾಂಕು, ಅದರ ಪಕ್ಕ ಅರ್ಧ ತೆಂಗಿನಮರ, ಮಿಕ್ಕದ್ದು ಆಕಾಶ.

ಮರುದಿನ ಐದೂ ಕಾಲಿಗೆ ಎದ್ದು ಕಾದೆ. ಐದೂವರೆ ದಾಟಿತು. ನನ್ನ ಲೆಕ್ಕದ ಪ್ರಕಾರ ಅಲ್ಲಿ ಸೂರ್ಯ ನೀರಿನಿಂದ ಎದ್ದಿರಬೇಕು. ಬಂಡೆಯ ಮೇಲೆ ಕೂತವಳ ಮುಖಕ್ಕೆ ಬಿಸಿಲು ಬಿದ್ದಿರಬೇಕು. ಇಲ್ಲಿ ಇನ್ನೂ ಬೂದುಬಣ್ಣ. ಐದು ನಲವತ್ತಾಯಿತು. ಕಾಫಿಯ ಹೊತ್ತು. ಮೂವತ್ತು ವರ್ಷ ಈ ಹೊತ್ತಿನಲ್ಲಿ ನಾನು ಪೇಪರ್ ಹಿಡಿದು ಕೂತಿದ್ದೆ, ಅವಳು ಅಡಿಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಮ್ಮ ಅಡಿಗೆಮನೆಗೆ ಪೂರ್ವಕ್ಕೆ ಕಿಟಕಿಯೇ ಇಲ್ಲ. ಇಪ್ಪತ್ತಮೂರು ನಿಮಿಷ ಕಳೆದ ಮೇಲೆ ಟ್ಯಾಂಕಿನ ಅಂಚು ಹೊಳೆಯಿತು. ನನ್ನ ಸೂರ್ಯ ಬಂತು. ತಡವಾಗಿ.

ಆ ಬೆಳಕಿನಲ್ಲೇ ಜಯಳ ಮನೆಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲಿ ಎತ್ತಿದಳು.

"ಏನ್ ಭಾವ, ಇಷ್ಟೊತ್ತಿಗೆ? ಕಾಲು ಹೇಗಿದೆ? ಅಕ್ಕ ಇಲ್ಲ, ಸಮುದ್ರದ ಕಡೆ ಹೋಗಿದಾಳೆ. ಕರ್ಕೊಂಡು ಬರೋಕೆ ಇವರನ್ನ ಕಳಿಸ್ಲಾ?"

"ಬೇಡ, ಯಾರೂ ಅಲ್ಲಿಂದ ಎಬ್ಬಿಸ್ಬೇಡಿ ಅವಳನ್ನ. ಬಂದ ಮೇಲೆ ಹೇಳು, ಟಿಕೆಟ್ ಕ್ಯಾನ್ಸಲ್ ಮಾಡ್ಸು ಅಂದೆ ಅಂತ. ತದಿಗೆ ಮುಗಿಸ್ಕೊಂಡೇ ಬರ್ಲಿ."

"ಹೌದಾ ಭಾವ?" ಜಯ ಪೂರ್ತಿ ಎಚ್ಚರವಾದಳು. "ನಿನ್ನೆಯಿಂದ ಬಟ್ಟೆ ಮಡಚಿ ಮಡಚಿ ಪೆಟ್ಟಿಗೇಲಿ ಇಡ್ತಾ ಇದ್ಳು. ಮಾತೇ ಇಲ್ಲ."

ಫೋನಿಟ್ಟು, ಪದ್ಮಕ್ಕನಿಂದ ಕೆಂಪು ಮಸಿಯ ಪೆನ್ನು ತರಿಸಿದೆ. ಕಾರ್ಬನ್ ಪ್ರತಿಯಲ್ಲಿ 'ಸಮುದ್ರದಲ್ಲಿ ಸೂರ್ಯಾಸ್ತ' ಎಂಬಲ್ಲಿ ಗೆರೆ ಎಳೆದು ಗುರುತು ಹಾಕಿದೆ. ನನ್ನ ಹೆಸರಿಗೆ ಬಿದ್ದ ಮೊದಲ ಕೆಂಪು ಮಸಿ. ಟೈಮ್ ಆಫೀಸಿನ ಕ್ರಮದಂತೆ ಕೆಳಗೆ ಸಹಿಯನ್ನೂ ಹಾಕಿದೆ.

ಉಳಿದ ದಿನಗಳು ಸುಲಭವಾಗಿದ್ದವು ಎಂದರೆ ಸುಳ್ಳಾಗುತ್ತದೆ. ಸೆಖೆ ಏರಿತು. ಒಂದು ಸಂಜೆ ಗುಡುಗು ಮಳೆ ಬಂದು ಕಿಟಕಿಯಿಂದ ಇರಚಲು ಹೊಡೆಯಿತು, ಪದ್ಮಕ್ಕ ಕೆಳಗೆ ಹರಟೆಗೆ ಹೋಗಿದ್ದಳು, ಕಿಟಕಿ ಹಾಕಲಾಗದೆ ನಾನು ಮಂಚದ ಮೇಲೆ ನೆನೆದೆ. ಅವಳ ಕಾಫಿ ಯಾವತ್ತೂ ಒಂದೇ ಹೊತ್ತಿಗೆ ಬರಲಿಲ್ಲ. ಸುಶೀಲಳ ಫೋನಿಗೂ ಈಗ ಹೊತ್ತು ಗೊತ್ತು ಇರಲಿಲ್ಲ. ನಾನು ಏನನ್ನೂ ಕೇಳುತ್ತಿರಲಿಲ್ಲ, ಅವಳು ಹೇಳಿದ್ದನ್ನು ಕೇಳುತ್ತಿದ್ದೆ. ಬೆಟ್ಟದಲ್ಲಿ ಅನಾನಸ್ ತೋಟ ನೋಡಿದೆ ಅಂದಳು ಒಂದು ದಿನ. ಬಲೆಯಲ್ಲಿ ಒಂದು ಆಮೆ ಬಂದಿತ್ತು, ತಿರುಗಿ ನೀರಿಗೆ ಬಿಟ್ಟರು. ಇವತ್ತು ಮೋಡ, ಸೂರ್ಯ ಕಾಣಲಿಲ್ಲ, ಆದರೂ ಕೂತಿದ್ದೆ.

ತದಿಗೆಯ ದಿನವೇ ನನ್ನ ಪ್ಲಾಸ್ಟರ್ ತೆಗೆಯುವ ದಿನವೂ ಬಿತ್ತು. ಪದ್ಮಕ್ಕ ಆಟೋದಲ್ಲಿ ಪಕ್ಕಕ್ಕೆ ಕೂತು, ಡ್ರೈವರಿಗೂ ಕೇಳಿಸುವ ಹಾಗೆ ಹೇಳಿದಳು.

"ಅಲ್ಲಿ ಸಿಂಹಾಚಲದ ದೇವರಿಗೆ ಗಂಧ ತೆಗೀತಾರೆ, ಇಲ್ಲಿ ನಿನಗೆ ಸಿಮೆಂಟು. ಇಬ್ಬರದೂ ನಿಜರೂಪ ಇವತ್ತೇ ನೋಡ್ಬೇಕು."

ಗರಗಸದ ಯಂತ್ರ ತಿರುಗಿತು, ಬಿಳಿ ಧೂಳು ಎದ್ದಿತು, ಪ್ಲಾಸ್ಟರ್ ಎರಡು ಹೋಳಾಗಿ ಬಿಚ್ಚಿಕೊಂಡಿತು. ಒಳಗಿದ್ದ ಕಾಲು ನನ್ನದೆಂದು ಗುರುತು ಸಿಗಲಿಲ್ಲ. ಬೆಳ್ಳಗೆ, ಒಣಗಿ, ಕೋಲಿನ ಹಾಗೆ. ಚರ್ಮ ಪದರಪದರವಾಗಿ ಏಳುತ್ತಿತ್ತು.

ನಾಲ್ಕು ದಿನದ ನಂತರ ಊರುಗೋಲು ಹಿಡಿದು ಸ್ಟೇಷನ್ನಿಗೆ ಹೋದೆ. ಎಂದಿನಂತೆ ಮುಕ್ಕಾಲು ಗಂಟೆ ಮುಂಚೆ. ರೈಲು ಎರಡು ಗಂಟೆ ತಡ. ಬೆಂಚಿನ ಮೇಲೆ ಕೂತು ಏನು ಹೇಳಬೇಕು ಎಂದು ಒಂದು ವಾಕ್ಯ ಸಿದ್ಧಮಾಡಿಕೊಂಡೆ. ತಿದ್ದಿದೆ. ಇನ್ನೊಂದು ಸಲ ತಿದ್ದಿದೆ.

ಸುಶೀಲ ಇಳಿದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ತಲೆಯಲ್ಲಿ ಬಾಡಿದ ಸಂಪಿಗೆ. ಪೆಟ್ಟಿಗೆ ತಾನೇ ಇಳಿಸಿಕೊಂಡಳು, ಕೂಲಿಯನ್ನು ಕರೆಯಲಿಲ್ಲ. ನನ್ನ ಹತ್ತಿರ ಬಂದವಳೇ ಬಗ್ಗಿ ಪಂಚೆಯ ಅಂಚು ಸರಿಸಿ ಕಾಲು ನೋಡಿದಳು.

"ಅಯ್ಯೋ, ಇದ್ಯಾಕ್ರೀ ಹಿಂಗಾಗಿದೆ?"

"ಏಳು ವಾರ ಒಳಗೇ ಇತ್ತಲ್ಲ" ಅಂದೆ. ಸಿದ್ಧಮಾಡಿದ್ದ ವಾಕ್ಯ ಮರೆತುಹೋಗಿತ್ತು. "ಏಳೇ ವಾರಕ್ಕೆ ಹೀಗಾಗಿದೆ ನೋಡು."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಪಂಚೆ ಸರಿಮಾಡಿ ಎದ್ದು ನಿಂತು, "ಬಿಸಿಲಿಗೆ ಹಾಕಿದ್ರೆ ಸರಿಹೋಗುತ್ತೆ, ಬನ್ನಿ" ಅಂದಳು.

ಮರುದಿನ ಬೆಳಗ್ಗೆ ಐದು ನಲವತ್ತಕ್ಕೆ ಎಚ್ಚರವಾದಾಗ ಅಡಿಗೆಮನೆಯ ದೀಪ ಹತ್ತಿರಲಿಲ್ಲ. ತಾರಸಿಯ ಬಾಗಿಲು ತೆರೆದಿತ್ತು. ಹದಿನಾಲ್ಕು ಮೆಟ್ಟಿಲು. ಊರುಗೋಲು ಊರಿ ಒಂದೊಂದಾಗಿ ಹತ್ತಿದೆ, ಎಷ್ಟು ನಿಮಿಷ ಹಿಡಿಯಿತೋ ನೋಡಲಿಲ್ಲ. ಅವಳು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಪೂರ್ವಕ್ಕೆ ಮುಖಮಾಡಿ ಕೂತಿದ್ದಳು. ತಿರುಗಿ ನೋಡಲಿಲ್ಲ, ಪಕ್ಕಕ್ಕೆ ಸ್ವಲ್ಪ ಸರಿದು ಜಾಗ ಮಾಡಿದಳು. ಕೂತೆ. ಜಯನಗರದ ಕಡೆಯ ಮರಗಳ ಮೇಲೆ ಗೆರೆ ಮೂಡಿತು.

ಆ ದಿನ ಕಾಫಿ ಆರೂ ಇಪ್ಪತ್ತಕ್ಕೆ ಆಯಿತು. ಇವತ್ತಿಗೂ ಆರೂ ಇಪ್ಪತ್ತೇ.